ಕಿಟಕಿಯಲ್ಲಿಟ್ಟ ಸಲಮಾಂಡರ್

"ಯಾರು ತೆಗೆದಿದ್ದು? ಹೇಳ್ತೀರೋ ಇಲ್ವೋ?"

ತುಯಾರಾಳ ಕೂಗಿಗೆ ನಾಲ್ಕನೇ ಕ್ಲಾಸಿನ ಗಲಾಟೆ ಗಕ್ಕನೆ ನಿಂತಿತು. ಅವಳ ಕೈಯಲ್ಲೊಂದು ಹಳೆಯ ಮೀನಿನ ಡಬ್ಬಿ. ಒಳಗಿದ್ದ ಪಾಚಿ ಒಣಗಿ ಗರಿಗರಿಯಾಗಿತ್ತು. ಅದರ ಮೇಲೆ ಬೆರಳುದ್ದದ ಸಲಮಾಂಡರ್, ಸುಟ್ಟ ಹುರಿಯ ಹಾಗೆ ಮುದುಡಿ ಬಿದ್ದಿತ್ತು.

ನೋಡಲು ಹಲ್ಲಿ, ಆದರೆ ಅದು ಕಪ್ಪೆಯ ನೆಂಟ. ಚಳಿಗಾಲವಿಡೀ ಕೊಳೆತು ಬಿದ್ದ ಮರದೊಳಗೆ ಕಲ್ಲಿನಂತೆ ಹೆಪ್ಪುಗಟ್ಟಿ ಮಲಗಿರುತ್ತದೆ. ಮಂಜು ಕರಗಿದ ಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ ನೀರಿನ ಹೊಂಡಕ್ಕೆ ನಡೆದು ಹೋಗುತ್ತದೆ.

ಹೋದ ವಾರ ವರ್ವಾರಾ ಟೀಚರ್ ಈ ಸಂಗತಿ ಹೇಳಿದಾಗ ಎರ್ಚಿಮ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಐಸ್ ಆಗಿದ್ದು ಏಳುತ್ತಾ? ಹಾಗಾದ್ರೆ ನಮ್ಮನೆ ಉಗ್ರಾಣದಲ್ಲಿರೋ ಮೀನೆಲ್ಲ ಎದ್ದು ನದಿಗೆ ಓಡ್ಬೇಕಿತ್ತು!"

"ಏಳುತ್ತೆ ಕಣೋ. ನಾನು ತೋರಿಸ್ತೀನಿ," ಎಂದಿದ್ದಳು ತುಯಾರಾ.

ನಿನ್ನೆ ಹೆಪ್ಪುಗಟ್ಟಿದ್ದ ಒಂದನ್ನು ತಂದೇಬಿಟ್ಟಿದ್ದಳು. ಕಿಟಕಿಗೆ ಒಳಗೊಂದು ಹೊರಗೊಂದು ಗಾಜು; ಅವುಗಳ ನಡುವೆ ಯಾವಾಗಲೂ ಕೊರೆಯುವ ಚಳಿ. ಡಬ್ಬಿಯನ್ನು ಅಲ್ಲಿಟ್ಟು, "ಯಾರೂ ಮುಟ್ಟಬಾರ್ದು. ಇದನ್ನ ನಿಧಾನಕ್ಕೆ ಕರಗಿಸ್ಬೇಕು," ಎಂದು ಎಲ್ಲರಿಗೂ ಹೇಳಿದ್ದಳು. ಇವತ್ತು ಬಂದು ನೋಡಿದರೆ ಡಬ್ಬಿ ಹೀಟರ್ ಪೈಪಿನ ಮೇಲಿದೆ. ಕೈ ಇಟ್ಟರೆ ಬೊಬ್ಬೆ ಬರುವಷ್ಟು ಕಾದಿರುವ ಪೈಪು.

"ನೀನೇ ತಾನೇ?" ತುಯಾರಾ ಎರ್ಚಿಮ್ ಮುಂದೆ ಹೋಗಿ ನಿಂತಳು.

"ನಾನ್ಯಾಕೆ ಮುಟ್ಲಿ ನಿನ್ನ ಸತ್ತ ಹಲ್ಲೀನ?"

"ಸತ್ತಿರ್ಲಿಲ್ಲ! ನೀನು ಸಾಯಿಸ್ದೆ! ಸೋಲ್ತೀನಿ ಅಂತ ಹೆದ್ರಿ ಸಾಯಿಸ್ದೆ!"

"ಹೋಗೇ, ಹುಚ್ಚಿ!"

ಅಷ್ಟೇ. ತುಯಾರಾ ಅವನ ಮೇಲೆ ಬಿದ್ದಳು. ಬೆಂಚು ದಡಾರನೆ ಉರುಳಿತು. ಟೀಚರ್ ಓಡಿ ಬಂದು ಇಬ್ಬರನ್ನೂ ಬಿಡಿಸುವಷ್ಟರಲ್ಲಿ ಎರ್ಚಿಮ್ ಕೆನ್ನೆಯ ಮೇಲೆ ಮೂರು ಕೆಂಪು ಗೀರು ಎದ್ದಿದ್ದವು. ಅವನು ಅಳಲಿಲ್ಲ. ಆದರೆ ತುಟಿ ಅದುರುತ್ತಿತ್ತು.

"ಟೀಚರ್..." ಹಿಂದಿನ ಬೆಂಚಿನಿಂದ ಸಣ್ಣ ದನಿ ಬಂತು. ತುಯಾರಾಳ ಪಕ್ಕದಲ್ಲೇ ದಿನಾ ಕೂರುವ ಮಿಚಿಯೆ ಎದ್ದು ನಿಂತಿದ್ದಳು. "ನಾನು ಇಟ್ಟಿದ್ದು. ನಿನ್ನೆ ಎಲ್ರೂ ಮನೆಗೆ ಹೋದ್ಮೇಲೆ. ಅದಕ್ಕೆ ತುಂಬಾ ಚಳಿ ಆಗ್ತಿತ್ತು ಅನ್ನಿಸ್ತು."

ತುಯಾರಾ ಅವಳ ಕಡೆ ತಿರುಗಿದಳು. ಮಿಚಿಯೆಗೆ ಹೊಡೆಯಲು ಹೇಗಾಗುತ್ತದೆ? ನೊಣ ನೀರಿಗೆ ಬಿದ್ದರೂ ಎತ್ತಿ ಒರೆಸಿ ಬಿಡುವ ಹುಡುಗಿ ಅವಳು. ಅದಕ್ಕೇ ತುಯಾರಾಳ ಸಿಟ್ಟು ಇನ್ನೂ ಹೆಚ್ಚಾಯಿತು.

"ಹೋಗ್ಲಿ ಬಿಡು ಮರಿ," ಎಂದು ಟೀಚರ್ ತುಯಾರಾಳ ಬೆನ್ನು ತಟ್ಟಿದರು. "ಬೇಸಿಗೇಲಿ ಹೊಂಡದ ಹತ್ರ ಬೇಕಾದಷ್ಟು ಸಿಗುತ್ತವೆ."

ಬೇಕಾದಷ್ಟು ಸಿಗುತ್ತವಂತೆ! ಟೀಚರ್ ಮೇಲೂ ಸಿಟ್ಟು ಬಂತು.

ಸ್ಕೂಲು ಬಿಟ್ಟಾಗ ಅವಳು ಯಾರಿಗೂ ಕಾಯಲಿಲ್ಲ. ಲೇನಾ ನದಿಯಾಚೆಯ ಆ ಹಳ್ಳಿಯಲ್ಲಿ ಮಾರ್ಚ್ ಎಂದರೂ ಮೊಣಕಾಲುದ್ದ ಮಂಜು. ಬೂಟಿನಿಂದ ಅದನ್ನು ಒದೆಯುತ್ತಾ ಮನೆಗೆ ಬಂದಳು. ಅಮ್ಮ ದನದ ಕೊಟ್ಟಿಗೆಯಿಂದ ಹಾಲಿನ ಬಕೆಟ್ ಹಿಡಿದು ಬರುತ್ತಿದ್ದಳು.

"ಏನೇ ಮುಖ ಹಾಗಿದೆ? ಯಾರ ಮೇಲೆ ಸಿಟ್ಟು?"

"ಎಲ್ರ ಮೇಲೂ!"

"ನನ್ನ ಮೇಲೂನಾ?"

"ಗೊತ್ತಿಲ್ಲ!"

"ಸರಿ, ಗೊತ್ತಾದ್ಮೇಲೆ ಒಳಗೆ ಬಾ. ಪ್ಯಾನ್‌ಕೇಕ್ ಇದೆ," ಎಂದು ಅಮ್ಮ ಬಾಗಿಲು ಹಾಕಿಕೊಂಡಳು.

ತುಯಾರಾ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಸಲಮಾಂಡರ್ ಸಿಕ್ಕಿದ್ದು ಅಲ್ಲೇ, ಬಿದ್ದ ಮರದೊಳಗೆ. ಮೊನ್ನೆ ಅಪ್ಪನ ಕೈಗೊಡಲಿಯಿಂದ ತೊಗಟೆ ಸೀಳಿ ತೆಗೆದಿದ್ದಳು. ಆಗ ಖುಷಿಯಲ್ಲಿ ಏನೂ ಕಂಡಿರಲಿಲ್ಲ. ಈಗ ನೋಡಿದರೆ ಮರದ ಹೊಟ್ಟೆ ಬಾಯ್ಬಿಟ್ಟಿತ್ತು. ತೊಗಟೆಯ ಚೂರುಗಳು ಸುತ್ತಲೂ ಚೆಲ್ಲಾಡಿದ್ದವು. ಮೆತ್ತನೆಯ ಮರದ ಪುಡಿ ಗಾಳಿಗೆ ಹಾರಿ ಮಂಜಿನ ಮೇಲೆ ಕಂದು ಕಲೆಯಾಗಿತ್ತು.

ಹಿಂದೆ ಹೆಜ್ಜೆ ಸದ್ದಾಯಿತು. ಮಿಚಿಯೆ. ಅತ್ತೂ ಅತ್ತೂ ರೆಪ್ಪೆಯ ಮೇಲೆ ಕಣ್ಣೀರು ಹೆಪ್ಪುಗಟ್ಟಿತ್ತು.

"ನನ್ನ ಬೈಯೇ ತುಯಾರಾ. ಸುಮ್ನಿರ್ಬೇಡ."

ತುಯಾರಾ ಬೈಯಲಿಲ್ಲ. ಮರದ ಬಿರುಕಿನಲ್ಲಿ ಅವಳಿಗೇನೋ ಕಂಡಿತ್ತು. ತೆಳ್ಳನೆಯ ಬಾಲ. ಒಂದು ಪುಟ್ಟ ಕಾಲು, ಅದಕ್ಕೆ ನಾಲ್ಕೇ ಬೆರಳು.

"ಅಯ್ಯೋ, ಇನ್ನೊಂದಿದೆ!" ಮಿಚಿಯೆ ಕೈ ಚಾಚಿದಳು.

"ಮುಟ್ಬೇಡ!"

ಹಾಗೆ ಕಿರುಚಿದ ಮೇಲೆ ತುಯಾರಾ ಕೆಳಗೆ ನೋಡಿದಳು. ಬಿರುಕಿನ ಹತ್ತಿರ ಎರಡು ಕೈಗಳಿದ್ದವು. ಒಂದು ಮಿಚಿಯೆಯದು. ಅದಕ್ಕಿಂತ ಮುಂದೆ ಹೋಗಿದ್ದ ಇನ್ನೊಂದು, ಅವಳದೇ.

ಅವಳು ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ತುಯಾರಾ ತೊಗಟೆಯ ಚೂರುಗಳನ್ನು ಹೆಕ್ಕತೊಡಗಿದಳು. ಮಿಚಿಯೆ ಮರದ ಪುಡಿಯನ್ನು ಬೊಗಸೆಯಲ್ಲಿ ತಂದು ಬಿರುಕಿಗೆ ತುಂಬಿದಳು. ಮೇಲೆ ತೊಗಟೆ ಮುಚ್ಚಿ, ಅದರ ಮೇಲೆ ಇಬ್ಬರೂ ಮಂಜು ಪೇರಿಸಿ ತಟ್ಟಿದರು.

"ಅದಕ್ಕೆ ಚಳಿ ಆಗಲ್ವಾ?" ಮಿಚಿಯೆ ಮೆಲ್ಲಗೆ ಕೇಳಿದಳು.

"ಆಗ್ಲಿ ಬಿಡು. ಅದಕ್ಕೆ ಗೊತ್ತು."

"ಎರ್ಚಿಮ್‌ಗೆ ತೋರಿಸಲ್ವಾ? ಇಲ್ದಿದ್ರೆ ಅವನು ನಂಬಲ್ಲ."

ತುಯಾರಾ ಕೈಗವಸಿಗೆ ಅಂಟಿದ್ದ ಮಂಜು ಕೊಡವಿದಳು. ಎರ್ಚಿಮ್ ಕೆನ್ನೆಯ ಮೇಲಿನ ಗೀರುಗಳು ಕಣ್ಣ ಮುಂದೆ ಬಂದವು.

"ನಂಬದೇ ಇರ್ಲಿ," ಎಂದಳು. "ನಾಳೆ ಅವನಿಗೆ ಹೇಳೋ ಮಾತು ಬೇರೆ ಇದೆ."