ಬುಧವಾರದ ಗಾಜುರೆಕ್ಕೆ

1926ರ ಮಾರ್ಚ್ ಹನ್ನೊಂದು, ಗುರುವಾರ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರ್ ಮಲ್ಲನ ಬಲಗೈಯ ಮೂರು ಬೆರಳುಗಳನ್ನು ಬೂಟಿನಡಿ ಮುರಿದ.

ಮಲ್ಲ ಊಟಿ ಬಳಿಯ ಎಮರಾಲ್ಡ್ ಕಣಿವೆಯವನು, ಬಡಗ ಜನದವನು. ಗಾಳ ಹಾಕುವ ದೊರೆಗಳ ಕ್ಲಬ್ಬೊಂದು ಅಲ್ಲಿ ಮರದ ತೊಟ್ಟಿಗಳಲ್ಲಿ ಟ್ರೌಟ್ ಮೀನಿನ ಮರಿ ಸಾಕುತ್ತಿತ್ತು. ಅವನು ಅದರ ಕಾವಲುಗಾರ. ಬುಧವಾರ ಅವನಿಗೆ ರಜೆ. ಗುರುವಾರ ಆರಕ್ಕೆ ಬಂದು ಹಲಗೆ ಎತ್ತಿ ನೋಡಿದರೆ ಮರಿಗಳೆಲ್ಲ ಸತ್ತು ತಳ ಸೇರಿದ್ದವು. ಕೂಗಿ ಜನ ಸೇರಿಸಿದವನೂ ಅವನೇ. ನೀರಿಗೆ ಏನು ಹಾಕಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ "ನಾ ಹಾಕೆ" ಎಂದ. ಬಡಗರ ಮಾತಿನಲ್ಲಿ ಅದು 'ನಾನು ಹಾಕುವವನಲ್ಲ'. ಇನ್‌ಸ್ಪೆಕ್ಟರ್ ಕೊಳ್ಳೇಗಾಲದ ಕಡೆಯವನು. ಕನ್ನಡ ಬಂದರೆ ಬಡಗ ಮಾತೂ ಬಂದಂತೆ ಎಂದುಕೊಂಡವನು. 'ಹಾಕಿದೆ' ಎಂದು ಬರೆದುಕೊಂಡ. ಏನು ಹಾಕಿದ್ದೆಂದು ಹೇಳಿಸಲು ಬೂಟು ಬಂತು.

ಅದೇ ಸಂಜೆ ಮಲ್ಲನ ಹೆಂಡತಿ ಹಾಲಿ ಊಟಿಯವರೆಗೂ ನಡೆದು ನಮ್ಮ ಬಾಗಿಲಿಗೆ ಬಂದಳು. ನಮ್ಮ ಬಾಗಿಲು ಎಂದರೆ ಕೆಂಪಾಜಮ್ಮನ ಬಾಗಿಲು. ಕೋಳಿಗರಿ, ರೇಷ್ಮೆ ನೂಲು ಸುತ್ತಿ ದೊರೆಗಳ ಗಾಳಕ್ಕೆ ಸುಳ್ಳು ಹುಳು ಕಟ್ಟುವುದು ಅವಳ ಕಸುಬು. ಪೇಟೆಯಲ್ಲಿ ಏನೇ ಕಳುವಾದರೂ ಜನ ಠಾಣೆಗಿಂತ ಮೊದಲು ಬರುತ್ತಿದ್ದುದು ಅವಳ ಹತ್ತಿರ. ನಾನು, ಈಶ್ವರಿ, ಅವಳ ಎದುರು ಕೂತು ಕೊಕ್ಕೆ ಎಣಿಸಿ ಕೊಡುತ್ತ ಪತ್ರಿಕೆ ಓದಿ ಹೇಳುವವಳು.

"ಅಕ್ಕಾ, ಸನಿವಾರ ಅವನ ಕೋಯಮತ್ತೂರು ಜೈಲಿಗ ಕೊಂಡೋಗಾರ," ಎಂದಳು ಹಾಲಿ. ಹಟ್ಟಿಯ ಎಮ್ಮೆಗಳನ್ನು ಹೊಳೆಗಿಳಿಸದಂತೆ ಬೇಲಿ ಹಾಕಲು ದೊರೆಗಳಿಗೆ ಇದೇ ನೆಪ ಸಿಕ್ಕಿದೆ ಎಂದೂ ಹೇಳಿದಳು.

ಕೆಂಪಾಜಮ್ಮ ಆ ಸಂಜೆಯೆಲ್ಲ ಕೂತಲ್ಲಿ ಕೂರಲಿಲ್ಲ. ಎದ್ದಳು, ಕೂತಳು, ಕಟ್ಟಿದ ಹುಳು ಬಿಚ್ಚಿದಳು.

ಶುಕ್ರವಾರ ಮೂವರೂ ತೊಟ್ಟಿಗಳ ಹತ್ತಿರ ಹೋದೆವು. ಮೇಲ್ವಿಚಾರಕ ಬಾಲಸುಬ್ರಮಣಿಯನ್ ಮರ್ಯಾದಸ್ತ. ಬುಧವಾರ ಸಂಜೆ ಮರಿಗಳು ಚೆನ್ನಾಗಿದ್ದವು, ಗುರುವಾರ ಬೆಳಿಗ್ಗೆಯೇ ಮಲ್ಲ ಮೀನು ಸಾಯಿಸುವ ಕಾರೆಕಾಯಿ ಅರೆದು ಹಾಕಿರಬೇಕು ಎಂದ. ಸಾಕ್ಷಿಗೆ ರಿಜಿಸ್ಟರ್ ತೆರೆದ. ತೊಟ್ಟಿಯ ನೀರು ಬೀಳುವ ಮಡುವಿನಿಂದ ದಿನಾ ಸಂಜೆ ನಾಲ್ಕಕ್ಕೆ ಏಳುವ ಹುಳುಗಳಲ್ಲಿ ಒಂದನ್ನು ಹಿಡಿದು, ತಾರೀಖಿನ ಮೇಲೆ ಗೋಂದಿನಿಂದ ಅಂಟಿಸಿಡುವುದು ಅವನ ಕೆಲಸ. ಯಾವ ಹುಳು ಎದ್ದಿದೆ ಎಂದು ನೋಡಿ ದೊರೆಗಳು ಗಾಳ ಆರಿಸುತ್ತಿದ್ದರು.

"ನೋಡುಂಗೊ. ಬುಧವಾರ ನಾಲ್ಕು ಗಂಟೆ, ಆಗತಾನೆ ನೀರಿಂದ ಎದ್ದದ್ದು ಅಂತ ಬರೆದಿದೆ. ನೀರು ಕೆಟ್ಟಿದ್ದರೆ ಹುಳು ಏಳುತ್ತದಾ?"

ಮಂಗಳವಾರದ ಹುಳುವಿನ ಬೂದು ರೆಕ್ಕೆಯಡಿ ಒಂಬತ್ತು ಎಂಬ ಅಂಕಿ ಮುಚ್ಚಿಹೋಗಿತ್ತು. ಬುಧವಾರದ ತಾರೀಖು ಓದು ಎಂದಳು ಕೆಂಪಾಜಮ್ಮ. ಹತ್ತು ಎಂದು ರೆಕ್ಕೆಯ ಮೂಲಕವೇ ಓದಿದೆ.

ಹಾಲಿ ಅಷ್ಟರಲ್ಲಿ ಹಲಗೆ ಎತ್ತಿ ತೊಟ್ಟಿಯೊಳಗಿನ ಕಬ್ಬಿಣದ ಮೊಳೆಗಳನ್ನು ನೋಡುತ್ತಿದ್ದಳು. ಅವು ಉಜ್ಜಿದ ತಾಮ್ರದ ಚೊಂಬಿನಂತೆ ಕೆಂಪಗೆ ಹೊಳೆಯುತ್ತಿದ್ದವು. ಅವಳು ಕೆಂಪಾಜಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ನಾವು ಮಡುವಿಗಿಳಿದು ಕಲ್ಲು ಮಗುಚಿದೆವು. ತೊಟ್ಟಿಗಿಂತ ಮೇಲೆ, ಹೊಳೆಯಲ್ಲಿ, ಕಲ್ಲಿನಡಿ ಮೂರು ಬಾಲದ ಮರಿಹುಳುಗಳು ಪಕ್ಕೆಯ ಕಿವಿರು ಬಡಿಯುತ್ತ ಸರಿದಾಡುತ್ತಿದ್ದವು. ಮಡುವಿನಲ್ಲಿ ಎಲ್ಲವೂ ಸತ್ತು ಅಂಟಿದ್ದವು. ಎಷ್ಟೋ ಹುಳುಗಳ ಬೆನ್ನಿನ ರೆಕ್ಕೆಮೊಗ್ಗು ಕಪ್ಪಗೆ ಬಲಿತಿತ್ತು.

ಶನಿವಾರ ಬೆಳಿಗ್ಗೆ ತೊಟ್ಟಿಯ ಆಫೀಸಿನಲ್ಲಿ ಎಲ್ಲರೂ ಸೇರಿದರು: ಕ್ಲಬ್ಬಿನ ಕಾರ್ಯದರ್ಶಿ ದೊರೆ, ಇನ್‌ಸ್ಪೆಕ್ಟರ್, ಬಾಲಸುಬ್ರಮಣಿಯನ್, ಕೈಗೆ ಬಟ್ಟೆ ಸುತ್ತಿದ ಮಲ್ಲ, ಹಾಲಿ, ನಾವು. ಕುರ್ಚಿ ಇದ್ದದ್ದು ಮೂರೇ, ನಾವು ನಿಂತೆವು.

"ಇದು ಒಂದಿನದ ಹುಳ," ಎಂದು ಕೆಂಪಾಜಮ್ಮ ರಿಜಿಸ್ಟರ್ ಮುಟ್ಟಿದಳು. "ತಿಂಗಳುಗಟ್ಲೆ ನೀರಿನ ಕಲ್ಲಡಿ ಬದುಕುತ್ತೆ. ರೆಕ್ಕೆಮೊಗ್ಗು ಕಪ್ಪಾದ ದಿನ ಮೇಲೆದ್ದು, ಬೆನ್ನು ಸೀಳಿ, ರೆಕ್ಕೆ ಬಿಚ್ಚುತ್ತೆ. ಆ ರೆಕ್ಕೆ ಮಬ್ಬು. ಒಂದು ರಾತ್ರಿ ಪೊದೆಯಲ್ಲಿ ಕೂತು, ರೆಕ್ಕೆ ಮೇಲಿಂದೂ ಸೇರಿ ಇನ್ನೊಂದ್ಸಲ ಪೊರೆ ಕಳಚುತ್ತೆ. ರೆಕ್ಕೆ ಬಂದ್ಮೇಲೂ ಪೊರೆ ಬಿಡೋ ಹುಳ ಇದೊಂದೇ. ಆಮೇಲೆ ರೆಕ್ಕೆ ಗಾಜು. ದೊರೆಗಳಿಗೆ ನಾನು ಮಬ್ಬಿಗೆ ಬೂದು ಗರಿ, ಗಾಜಿಗೆ ತಿಳಿ ಗರಿ ಬೇರೆಬೇರೆ ಕಟ್ಕೊಡ್ತೀನಲ್ಲ, ಅದಕ್ಕೇ."

ಕಾರ್ಯದರ್ಶಿ ತಲೆದೂಗಿದ. ತನ್ನ ಟೋಪಿಗೆ ಎರಡನ್ನೂ ಸಿಕ್ಕಿಸಿಕೊಂಡಿದ್ದ.

ಮುಂದಿನದನ್ನು ಅವಳು ನೂಲು ಸುತ್ತಿದಂತೆ ಸುತ್ತಿದಳು. ಆಗತಾನೆ ಎದ್ದದ್ದೆಂದು ಬರೆದ ಬುಧವಾರದ ಹುಳುವಿಗೆ ಗಾಜುರೆಕ್ಕೆ. ಅದು ಎದ್ದದ್ದು ಮಂಗಳವಾರ. ಬುಧವಾರ ನಾಲ್ಕಕ್ಕೆ ಮಡುವಿನಿಂದ ಏನೂ ಏಳಲಿಲ್ಲ. ಏಳಬೇಕಾದವು ಬಲಿತ ಮೊಗ್ಗಿನೊಡನೆ ಕಲ್ಲಡಿಯೇ ಸತ್ತಿದ್ದವು. ಹಾಗಾಗಿ ಮೇಲ್ವಿಚಾರಕ ಪೊದೆಯಿಂದ ಹಳೆಯದೊಂದನ್ನು ಹಿಡಿದು ಅಂಟಿಸಿದ. ವಿಷ ಬಿದ್ದದ್ದು ಬುಧವಾರ ನಾಲ್ಕಕ್ಕೆ ಮುಂಚೆ, ಮಲ್ಲ ಇಲ್ಲದ ಹೊತ್ತು.

"ಯಾವ ವಿಷ?" ಎಂದ ಇನ್‌ಸ್ಪೆಕ್ಟರ್.

ಉತ್ತರ ಹಾಲಿಯದು. "ಮೈಲುತುತ್ತ. ಉರುಳಗೆಡ್ಡೆ ಗಿಡಕ್ಕೆ ಹೊಡೆಯೋದು. ನಾವು ಅದನ್ನ ಕಬ್ಬಿಣದ ಬಕೆಟ್ಟಿಗ ಹಾಕೋದಿಲ್ಲೆ, ಬಕೆಟ್ಟೇ ತಾಮ್ರ ಬಣ್ಣ ಆಗ್ತ. ತೊಟ್ಟಿಯ ಮೊಳೆ ನೋಡಿ. ಕಾರೆಕಾಯಿಗ ಮೊಳೆ ಕೆಂಪಾಗೋದಿಲ್ಲೆ."

ಇಲ್ಲಿ ಮೈಲುತುತ್ತದ ಡಬ್ಬಿ ಇರುವುದು ಆಫೀಸಿನ ಬೀರುವಿನಲ್ಲಿ. ಬೀಗದ ಕೈ ಬಾಲಸುಬ್ರಮಣಿಯನ್ ಸೊಂಟದಲ್ಲಿ. ಅವನು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮರಿಗಳ ಮೈಗೆ ಬಿಳಿ ಬೂಷ್ಟು ಹತ್ತಿತ್ತು, ಚಿಟಿಕೆ ಹಾಕೆಂದು ಪುಸ್ತಕದಲ್ಲಿತ್ತು, ಹಿಡಿಯಷ್ಟು ಹಾಕಿದೆ ಎಂದ. ಕೆಲಸ ಹೋಗುತ್ತದೆಂಬ ಭಯ ಎಂದ. "ಹುಳಕ್ಕೆ ಬಾಯಿಲ್ಲ, ಹೊಟ್ಟೆಯಲ್ಲಿ ಬರೀ ಗಾಳಿ," ಎಂದಳು ಕೆಂಪಾಜಮ್ಮ. "ಆದ್ರೂ ನಿಜ ಹೇಳ್ತು. ನಿಮಗೆ ಬಾಯಿದೆ, ಸ್ವಾಮಿ."

ಕಾರ್ಯದರ್ಶಿ ರಿಜಿಸ್ಟರ್ ಮುಚ್ಚಿದ. ತಪ್ಪು ತಿಳುವಳಿಕೆ ಆಗಿದೆ, ಮಲ್ಲ ಸೋಮವಾರದಿಂದ ಕೆಲಸಕ್ಕೆ ಬರಲಿ ಎಂದ. ಇನ್‌ಸ್ಪೆಕ್ಟರ್ ಒಂದು ಕಾಗದ ಬರೆದು ನನ್ನಿಂದ ಓದಿಸಿದ: ಮಲ್ಲನ ಬೆರಳು ತೂಬಿನ ಬಾಗಿಲಿಗೆ ಸಿಕ್ಕಿ ಮುರಿದವು.

"ಎಡಗೈ ಹೆಬ್ಬೆಟ್ಟು ಒತ್ತು. ಅದು ಚೆನ್ನಾಗಿದೆಯಲ್ಲ," ಎಂದು ಮಸಿಪೆಟ್ಟಿಗೆ ತೆರೆದ.

"ನಾ ಒತ್ತೆ," ಎಂದ ಮಲ್ಲ.

ಒಪ್ಪಿದನೆಂದುಕೊಂಡ ಇನ್‌ಸ್ಪೆಕ್ಟರ್ ತೃಪ್ತಿಯಿಂದ ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರ ಸರಿಸಿದ. ಮಲ್ಲ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ನಿಂತೇ ಇದ್ದ.