ಎಂಟನೆಯ ಲಿಲ್ಲಿ

"ನಿಲ್ಲಿಸಿ! ಮುಟ್ಟಬೇಡಿ ಅದನ್ನ!"

ಅವಳು ಕೂಗುವಷ್ಟರಲ್ಲಿ ಏಳನೆಯ ಚೀಲವೂ ಅವನ ಕೈಗೆ ಬಂದಾಗಿತ್ತು.

ಸಸ್ಯೋದ್ಯಾನದ ಲಿಲ್ಲಿ ಪಾತಿಯ ಸುತ್ತ ಮೂವತ್ತು ಮಂದಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ನಡುವೆ, ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ ಗೈಡು. ಅವನ ಕೈಯಲ್ಲಿ ಬಟ್ಟೆಯ ಏಳು ಪುಟ್ಟ ಚೀಲಗಳು... ನಿನ್ನೆ ಅವಳು ಒಂದೊಂದು ಹೂವಿಗೂ ಜೋಪಾನವಾಗಿ ಕಟ್ಟಿದ್ದ ಚೀಲಗಳು!

ಅವಳ ಕಣ್ಣೆದುರೇ ಒಂದು ಜೇನುಹುಳ ಗುಂಯ್ ಎನ್ನುತ್ತ ಹೂವಿನೊಳಗೆ ನುಗ್ಗಿತು.

"ಯಾರ್ರೀ ತೆಗೀರಿ ಅಂದಿದ್ದು ನಿಮಗೆ?"

"ಚಳಿಗೆ ಮುಚ್ಚಿದ್ದಾರೆ ಅಂದ್ಕೊಂಡೆ ಮೇಡಂ. ನಾನು ಮುಂಚೆ ಇದ್ದ ತೋಟದಲ್ಲಿ ಸಂಜೆ ಹೂವಿಗೆ ಹೊದಿಸಿ, ಬೆಳಿಗ್ಗೆ ಜನ ಬರೋ ಮುಂಚೆ ತೆಗೀತಿದ್ವಿ..."

"ಚಳಿಗಲ್ಲ! ಇದು ಅಳಿದು ಹೋಗ್ತಿರೋ ಜಾತಿ. ದೂರದಿಂದ ಪರಾಗ ತರಿಸಿ ಕೈಯಾರೆ ಹಾಕಿದ್ದೆ. ಹುಳ ಬರಬಾರದು ಅಂತ ಕಟ್ಟಿದ್ದೆ. ಇನ್ನು ಬೀಜ ಕಟ್ಟಿದ್ರೂ ಯಾವುದರದ್ದೋ ಏನೋ... ಮುಗೀತು!"

ಅವನು ಏಳು ಚೀಲಗಳನ್ನೂ ಅವಳ ಕೈಗೆ ಒಪ್ಪಿಸಿದ.

ಆ ಲಿಲ್ಲಿ ಹೂ ಬಿಡುವುದು ವರ್ಷಕ್ಕೊಮ್ಮೆ. ಮೂರು ವರ್ಷಗಳಿಂದ ಒಂದು ಬೀಜವೂ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಬೀಜ ವಿಭಾಗವನ್ನೇ ಮುಚ್ಚುವುದಾಗಿ ಅಧಿಕಾರಿ ಹೇಳಿಯಾಗಿತ್ತು. ಆ ವಿಭಾಗದಲ್ಲಿದ್ದವಳು ಅವಳೊಬ್ಬಳೇ. ತೋಟದವರೆಲ್ಲ ಅವಳನ್ನು ಬೀಜದಕ್ಕ ಎಂದೇ ಕರೆಯುತ್ತಿದ್ದರು.

ಬಾಯಿ ಮುಚ್ಚದ ಗೈಡಿಗೂ ಎರಡೇ ದಿನದಲ್ಲಿ 'ರೇಡಿಯೊ' ಎಂಬ ಹೆಸರು ಬಿದ್ದಿತ್ತು. ಆದರೆ ಅಂದು ಸಂಜೆಯವರೆಗೂ ರೇಡಿಯೊ ತುಟಿ ಬಿಚ್ಚಲಿಲ್ಲ.

ಮರುದಿನ ಅವನೇ ಓಡೋಡಿ ಬಂದ.

"ಮೇಡಂ, ಪಾತಿಯ ಹಿಂದೆ ಇನ್ನೊಂದು ಮೊಗ್ಗಿದೆ! ಎಂಟನೆಯದು!"

ನಿಜವೇ! ಎಲೆಗಳಡಿ ಅಡಗಿದ್ದ ತಡವಾದ ಮೊಗ್ಗು. ಅರಳುವುದು ಭಾನುವಾರ... ಹೂವಿನ ಕಾಲದ ಭಾನುವಾರವೆಂದರೆ ತೋಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

"ನೀವು ನಿಮ್ಮ ಕೆಲಸ ಮಾಡಿ. ಜನರನ್ನ ನಾನು ನೋಡ್ಕೋತೀನಿ," ಎಂದ ಅವನು.

ಭಾನುವಾರ ಬೆಳಿಗ್ಗೆ ಮೊಗ್ಗು ಬಾಯಿ ಬಿಟ್ಟಿತು. ಅವಳು ಪರಾಗದ ಶೀಶೆಯನ್ನು ಪಕ್ಕದಲ್ಲಿಟ್ಟು ಮಂಡಿಯೂರಿ ಕುಳಿತಳು. ಅವನು ಎರಡೂ ತೋಳು ಚಾಚಿ ಅಡ್ಡ ನಿಂತ.

"ಮುಂದೆ ಬರಬೇಡಿ ಸ್ವಾಮಿ, ಒಳಗೆ ಆಪರೇಷನ್ ನಡೀತಿದೆ! ಡಾಕ್ಟರು ಮೊದಲೇ ಸಿಡುಕಿ!"

ಜನ ಗೊಳ್ಳೆಂದರು. ಅವಳಿಗೂ ನಗು ತಡೆಯಲಾಗಲಿಲ್ಲ. ಬೆವರಿಗೆ ಅಂಟಿದ ಅಂಗಿ, ಒಡೆದ ಗಂಟಲು, ಆದರೂ ಒಬ್ಬರ ಮೇಲೂ ರೇಗದ ಆ ಮುಖ... 'ಇವರನ್ನೇ ನಾನು ಅಷ್ಟೊಂದು ಬೈದಿದ್ದು?' ಎಂದುಕೊಂಡಳು. ಅವನು ತಿರುಗಿ ನೋಡಿದ. ಅವಳು ಗಡಿಬಿಡಿಯಲ್ಲಿ ಚೀಲ ಕಟ್ಟಿ ಎದ್ದುಬಿಟ್ಟಳು.

ಆಮೇಲೆ ದಿನವೂ ಇಬ್ಬರೂ ಕೂಡಿಯೇ ಪಾತಿಗೆ ಹೋಗಿ ಬರುತ್ತಿದ್ದರು. ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಅವಳ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿ, "ಕಾಯೋದು ಹೂವನ್ನೋ, ಇನ್ನೊಂದನ್ನೋ?" ಎಂದು ಕೆಣಕುತ್ತಿದ್ದರು.

ಹನ್ನೆರಡನೆಯ ದಿನ ಅವಳು ಚೀಲ ಬಿಚ್ಚಿದಳು.

ಒಣಗಿದ ದಳಗಳು ಅಂಗೈಗೆ ಉದುರಿದವು. ಕಾಯಿ ಕಟ್ಟಿರಲೇ ಇಲ್ಲ!

ಅವಳು ಅಳುತ್ತ ಅವನತ್ತ ತಿರುಗಿದಳು.

"ಮತ್ತೆ ಬಿಚ್ಚಿದ್ರಾ? ಯಾರಿಗೋ ಫೋಟೊ ಬೇಕು ಅಂತ ಮುಟ್ಟಿದ್ರಾ? ನಿಮ್ಮನ್ನ ನಂಬಿದ್ನಲ್ಲಾ..."

"ನಿಮಗೆ ಹಾಗನ್ನಿಸಿದ್ರೆ... ನನ್ನದೇ ತಪ್ಪು ಅಂದ್ಕೊಳ್ಳಿ," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಅವಳು ಅಳುತ್ತಲೇ ಕೋಣೆಗೆ ಬಂದು ಪರಾಗದ ಫ್ರಿಜ್ ತೆರೆದಳು. ಉಳಿದ ಶೀಶೆಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

ಒಂದು ಕಡಿಮೆ ಇರಬೇಕಿತ್ತು. ಕಡಿಮೆ ಇರಲಿಲ್ಲ!

ಭಾನುವಾರ ಒಯ್ದಿದ್ದ ಶೀಶೆ ಅಲ್ಲೇ ಇತ್ತು. ಮುಚ್ಚಳದ ಮೇಲಿನ ಮೇಣ ಒಡೆದೇ ಇರಲಿಲ್ಲ. ಹಾಗೇ ಒಯ್ದು, ಹಾಗೇ ತಂದಿಟ್ಟಿದ್ದಳು.

ಅಂದರೆ... ಅವಳು ಹೂವಿಗೆ ಪರಾಗವನ್ನೇ ಹಾಕಿರಲಿಲ್ಲ! ಬರಿ ಹೂವಿಗೆ ಚೀಲ ಕಟ್ಟಿ ಹನ್ನೆರಡು ದಿನ ಕಾದಿದ್ದಳು!

ಅಷ್ಟರಲ್ಲಿ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದರು.

"ಏನೇ ಮಾಡಿದೆ ಆ ಹುಡುಗನಿಗೆ? ಎಲ್ಲ ನನ್ನ ತಪ್ಪು, ಬೀಜ ವಿಭಾಗ ಮುಚ್ಚಬೇಡಿ ಅಂತ ಬರೆದು, ಕೆಲಸ ಬಿಡ್ತೀನಿ ಅಂತಿದ್ದಾನೆ! ಸಾಹೇಬರ ಮುಂದೆ ನಿಂತಿದ್ದಾನೆ ಕಣೇ!"

ಅವಳು ಓಡಿದಳು. ಬಾಗಿಲು ತಟ್ಟುವುದೂ ನೆನಪಾಗಲಿಲ್ಲ.

"ಸರ್, ಆ ಕಾಗದ ತಗೋಬೇಡಿ! ಎಂಟನೆಯದು ನನ್ನ ತಪ್ಪು. ನಾನು ಪರಾಗ ಹಾಕೋದನ್ನೇ ಮರೆತೆ."

ಅಧಿಕಾರಿ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದರು. "ನೀವಾ? ಒಂಬತ್ತು ವರ್ಷದಲ್ಲಿ ಒಂದು ದಿನ ಮರೆಯದವರು... ಅದು ಹೇಗೆ ಮರೆತ್ರಿ?"

ಸುಳ್ಳು ಹೇಳಿದರೆ ಅವನು ಹೋಗುತ್ತಾನೆ. ನಿಜ ಹೇಳಿದರೆ ಮಾನ ಹೋಗುತ್ತದೆ. ಹೋಗಲಿ!

"ಇವರನ್ನ ನೋಡ್ತಾ ಕೂತಿದ್ದೆ ಸರ್."

ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಅಧಿಕಾರಿ ಕೆಮ್ಮಿದರು. ಕಾಗದವನ್ನು ಮಡಚಿ ಅವನ ಜೇಬಿಗೇ ತುರುಕಿದರು. "ಇಬ್ಬರೂ ನಾಳೆಯಿಂದ ಕಳೆ ಕೀಳಿ, ಅದೇ ಶಿಕ್ಷೆ. ವಿಭಾಗಕ್ಕೆ ಇನ್ನೊಂದು ವರ್ಷ ಕೊಡ್ತೀನಿ. ತಪ್ಪನ್ನ ಹೀಗೆ ಒಪ್ಪಿಕೊಳ್ಳೋರು ನನಗೆ ಇನ್ನೆಲ್ಲಿ ಸಿಗ್ತಾರೆ?" ಎಂದು ತಾವೇ ಹೊರಗೆ ನಡೆದರು.

ಅವಳಿಗೆ ತಲೆ ಎತ್ತಲಾಗಲಿಲ್ಲ.

"ನಾನು ಮುಟ್ಟಿಲ್ಲ ಅಂತ ಆಗಲೇ ಯಾಕೆ ಹೇಳ್ಲಿಲ್ಲ?"

"ನೀವು ಅಳ್ತಿದ್ರಿ. ನಿಮ್ಮನ್ನ ಸುಳ್ಳು ಮಾಡೋಕೆ ಮನಸ್ಸು ಬರ್ಲಿಲ್ಲ," ಎಂದ ಅವನು. "ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ... ಮೊದಲ ದಿನ ಬೈದಾಗಿಂದ್ಲೂ."

ಅವಳ ಕಣ್ಣು ತುಂಬಿ ಬಂತು. ಮೆಲ್ಲಗೆ ಅವನ ಕೈ ಹಿಡಿದಳು.

"ಹಾಗಾದ್ರೆ ಮುಂದಿನ ವರ್ಷ ಹೂ ಬಿಟ್ಟಾಗ ನಾನು ಪಾತಿ ಹತ್ತಿರ ಬರಬಾರದು, ಅಲ್ವಾ?" ಎಂದು ಅವನು ನಕ್ಕ.

"ಬನ್ನಿ," ಎಂದಳು ಅವಳು. "ಆದ್ರೆ ಮೊದಲು ಪರಾಗ. ಆಮೇಲೆ ನೀವು."