ಹೊತ್ತು ಮುಳುಗುವ ಮೊದಲು ಗಂಜಿ

ಸ್ಟ್ರೆಚರ್ ಮೇಲೆ ಬಂದವನ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಮೈಲಿಗಟ್ಟಲೆ ಓಡಿ ಬಂದವನ ಹಾಗೆ ಉಸಿರು ಎಳೆಯುತ್ತಿದ್ದ. ನರ್ಸ್ ಇಂದುಗೆ ಮೊದಲು ಕಾಯಿಲೆ ಗೊತ್ತಾಯಿತು, ಆಮೇಲೆ ಮುಖ.

ನೇಮಿನಾಥ್.

'ಇನ್ನು ನನಗೆ ಫೋನ್ ಮಾಡಬೇಡಿ' ಎಂದು ಹತ್ತು ದಿನದ ಹಿಂದೆ ಅವಳು ಮೆಸೇಜ್ ಹಾಕಿದ್ದು ಇವನಿಗೇ. ಫೋನ್ ಮಾಡಬೇಡಿ ಅಂದರೆ ಆಂಬುಲೆನ್ಸ್‌ನಲ್ಲಿ ಬರುವುದಾ?

"ಇನ್ಸುಲಿನ್ ಯಾವಾಗ ತಗೊಂಡಿದ್ದು?"

ಅವನು ಎರಡು ಬೆರಳು ಎತ್ತಿದ.

"ಎರಡು ಗಂಟೆ ಹಿಂದೆನಾ?"

"ಎರಡು... ದಿನ."

ಉಳಿದದ್ದನ್ನು ಅವನ ತಾಯಿ ಶೀಲಾವತಿ ಹೇಳಿದರು. ಜೈನರ ದಶಲಕ್ಷಣ ಪರ್ವದ ಕೊನೆ. ಎರಡು ದಿನ ಅನ್ನ ನೀರು ಮುಟ್ಟದ ಉಪವಾಸ ಹಿಡಿದಿದ್ದನಂತೆ. ಊಟವೇ ಇಲ್ಲ ಎಂದ ಮೇಲೆ ಸೂಜಿ ಯಾಕೆ ಎಂದು ಬಿಟ್ಟನಂತೆ. ಹಳೇಬೀಡಿನಿಂದ ಹಾಸನವೇ ಹತ್ತಿರವಿದ್ದರೂ ಅರಸೀಕೆರೆಯ ಈ ಆಸ್ಪತ್ರೆಗೇ ಹೋಗಬೇಕೆಂದು ಹಟ ಹಿಡಿದನಂತೆ.

ಇಂದು ಹಲ್ಲು ಕಚ್ಚಿಕೊಂಡಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಇವನು. ಮೂರು ವರ್ಷದಿಂದ ದಿನಾ ಚುಚ್ಚಿಕೊಳ್ಳುತ್ತಿದ್ದಾನೆ. ಇವನಿಗೇ ಇಷ್ಟು ಗೊತ್ತಿಲ್ಲವಾ!

ಸಕ್ಕರೆ ಐನೂರ ಹತ್ತು. ಮೂತ್ರದ ತುಂಬ ಕೀಟೋನ್. ಡಾಕ್ಟರ್ ಷಡಕ್ಷರಪ್ಪ ಸಲೈನ್ ಓಡಿಸಲು ಹೇಳಿದರು. ರಕ್ತದ ಪೊಟ್ಯಾಷಿಯಂ ವರದಿ ಬಂದ ಮೇಲೆ ಪಂಪಿನಲ್ಲಿ ಇನ್ಸುಲಿನ್ ಶುರುವಾಯಿತು, ಹನಿಹನಿಯಾಗಿ. ಇನ್ಸುಲಿನ್ ಇಲ್ಲದ ದೇಹ ಸಕ್ಕರೆ ಬಳಸಲಾರದೆ ಕೊಬ್ಬು ಕರಗಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್‌ನಿಂದ ರಕ್ತ ಹುಳಿಯಾಗುತ್ತದೆ ಎಂದು ಶೀಲಾವತಿಗೆ ವಿವರಿಸಿದರು. ಇನ್ನರ್ಧ ದಿನ ತಡವಾಗಿದ್ದರೆ ಏನೂ ಹೇಳುವಂತಿರಲಿಲ್ಲ ಎಂದೂ ಅಂದರು.

ಇಂದು ಗಂಟೆಗೊಮ್ಮೆ ಅವನ ಬೆರಳು ಚುಚ್ಚಿದಳು. ಪ್ರತಿ ಸಲ ಸಿಟ್ಟು ಬಂತು.

ಎಂಟು ತಿಂಗಳ ಹಿಂದೆ ಪರಿಚಯವಾದದ್ದೂ ಇದೇ ವಾರ್ಡಿನಲ್ಲಿ. ಅರಸೀಕೆರೆಗೆ ತರಬೇತಿಗೆಂದು ಬಂದವನು ಇನ್ಸುಲಿನ್ ಚುಚ್ಚಿಕೊಂಡಿದ್ದ. ಅಷ್ಟರಲ್ಲಿ ಹೊತ್ತು ಮುಳುಗಿತೆಂದು, ರಾತ್ರಿ ಉಣ್ಣದ ಜೈನರ ನೇಮದಂತೆ ಊಟ ಬಿಟ್ಟು, ಸಕ್ಕರೆ ಇಳಿದು ಬಿದ್ದಿದ್ದ. ಇಂದು ಇಡೀ ವಾರ್ಡಿಗೆ ಕೇಳುವಂತೆ ಬೈದಿದ್ದಳು. ಬೈಸಿಕೊಂಡವನು ವಾರ ಬಿಟ್ಟು ಥ್ಯಾಂಕ್ಸ್ ಹೇಳಲು ಬಂದ. ಆಮೇಲೆ ಸುಮ್ಮನೆ ಬಂದ. ಮದುವೆಯ ಮಾತು ಅವನೇ ಎತ್ತಿದ. ಅವನು ಜೈನರ ಹುಡುಗ, ಅವಳು ಬಾಣಾವರದ ಬೌದ್ಧರ ಮನೆಯವಳು. ಅಮ್ಮನಿಗೆ ಹೇಳುತ್ತೇನೆ ಎಂದವನು ಪರೀಕ್ಷೆ ಮುಗಿಯಲಿ ಎಂದ, ಬೇಸಿಗೆ ಮುಗಿಯಲಿ ಎಂದ, ಪರ್ವ ಮುಗಿಯಲಿ ಎಂದ. ಅಲ್ಲಿಗೆ ಇಂದುಗೆ ಸಾಕಾಯಿತು.

ಸಂಜೆ ಸಕ್ಕರೆ ಇನ್ನೂರಿಪ್ಪತ್ತಕ್ಕೆ ಇಳಿಯಿತು. ಇಂದು ಗ್ಲೂಕೋಸ್ ಬಾಟಲಿ ತೂಗುಹಾಕಿದಳು. ಶೀಲಾವತಿ ಗಾಬರಿಯಾದರು. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ನೀರಾ? ರಕ್ತದ ಹುಳಿ ಇಳಿಯುವ ತನಕ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಸಕ್ಕರೆ ತೀರಾ ಇಳಿಯದಿರಲೆಂದು ಜೊತೆಗೆ ಗ್ಲೂಕೋಸ್ ಎಂದು ಇಂದು ಮೂರು ಸಲ ಹೇಳಿದಳು. ನಾಲ್ಕನೇ ಸಲ ಕೇಳಿದಾಗ ಅವರನ್ನು ಕೂರಿಸಿ ನೀರು ಕೊಟ್ಟಳು. ಅವಳ ಡ್ಯೂಟಿ ಮಧ್ಯಾಹ್ನವೇ ಮುಗಿದಿದ್ದನ್ನು ಶೀಲಾವತಿ ಗಮನಿಸಿದ್ದರು.

ಮರುದಿನ ಸಂಜೆಯ ಹೊತ್ತಿಗೆ ರಕ್ತದ ಹುಳಿ ಇಳಿಯಿತು. ಉಸಿರು ಸರಿಯಾಯಿತು. ಇನ್ನು ಬೈಯಬಹುದು ಎಂದು ಇಂದುಗೆ ಅನ್ನಿಸಿತು.

"ಇನ್ಸುಲಿನ್ ಬಿಡಿ ಅಂತ ನಿಮಗೆ ಹೇಳಿದ ಬುದ್ಧಿವಂತರು ಯಾರು?"

"ನೀವೇ," ಎಂದ ನೇಮಿನಾಥ್. "ಊಟ ಇಲ್ಲ ಅಂದ್ರೆ ಸೂಜಿ ಮುಟ್ಟಬೇಡಿ ಅಂತ ಅವತ್ತು ಬೈದ್ರಲ್ಲ."

ಹೌದು, ಬೈದಿದ್ದಳು.

"ಅದು ಊಟದ ಮುಂಚಿನ ಸೂಜಿಗೆ ಹೇಳಿದ್ದು. ದಿನಕ್ಕೊಂದು ಸಲದ ಇನ್ನೊಂದು ಇದೆಯಲ್ಲ, ಅದನ್ನ ಉಪವಾಸ ಇದ್ರೂ ಬಿಡಬಾರದು."

"ಅದನ್ನ ನೀವು ಹೇಳ್ಲಿಲ್ಲ."

'ಹೇಳಲಿಲ್ಲ. ಕೊಲ್ಲುತ್ತಿದ್ದವಳು ನಾನೇ...' ಕಣ್ಣು ತುಂಬಿತು. ಅದಕ್ಕೂ ಸಿಟ್ಟು ಬಂತು.

"ಉಪವಾಸ ಯಾಕೆ ಬೇಕಿತ್ತು ನಿಮಗೆ?"

"ವ್ರತ ಮುಗಿಸಿದ್ರೆ ಅಮ್ಮ ಖುಷಿಯಾಗಿರ್ತಾರೆ. ಆಗ ನಿಮ್ಮ ವಿಷಯ ಹೇಳೋಣ ಅಂತ."

"ಹೇಳಿದ್ರಾ?"

"ಅಷ್ಟರಲ್ಲಿ ವಾಂತಿ ಶುರುವಾಯ್ತು."

"ಆಂಬುಲೆನ್ಸಲ್ಲಿ ಹೇಳ್ದ ಕಣಮ್ಮ," ಎಂದರು ಸ್ಟೂಲಿನ ಮೇಲೆ ಕೂತಿದ್ದ ಶೀಲಾವತಿ. "ಅಲ್ಲಿ ಇಂದು ಅವ್ರೆ, ಅಲ್ಲಿಗೇ ನಡೀರಿ ಅಂತ ದಾರಿಯುದ್ದಕ್ಕೂ ಕನವರಿಸ್ದ. ನಂಗೆ ಇನ್ನೇನು ಗೊತ್ತಾಗ್ಬೇಕಿತ್ತು?"

ಇಬ್ಬರೂ ತಲೆ ತಗ್ಗಿಸಿದರು. ಶೀಲಾವತಿ ಕಿಟಕಿಯ ಬಿಸಿಲು ನೋಡಿದರು. ಹೊತ್ತು ಮುಳುಗಲು ಅರ್ಧ ಗಂಟೆಯಿತ್ತು. ಅವನು ಇನ್ನು ಊಟ ಮಾಡಬಹುದೆಂದು ಡಾಕ್ಟರ್ ಹೇಳಿ ಹೋಗಿದ್ದರು. ಮೇಜಿನ ಮೇಲೆ ಸ್ಟೀಲ್ ಡಬ್ಬಿ ಇತ್ತು.

"ಏನದು?" ಎಂದರು ಶೀಲಾವತಿ.

"ಗಂಜಿ. ನನ್ನ ರೂಮಲ್ಲಿ ಮಾಡಿದ್ದು," ಎಂದಳು ಇಂದು. ಬೇಡ ಎನ್ನುತ್ತಾರೆ ಎಂದು ಕಾದಳು.

ಶೀಲಾವತಿ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಈರುಳ್ಳಿ ಹಾಕಿದ್ದೀಯಾ?"

"ಇಲ್ಲ. ಬೆಳ್ಳುಳ್ಳೀನೂ ಇಲ್ಲ."

"ಹಂಗಾರೆ ಹೊತ್ತು ಮುಳುಗೋದ್ರೊಳಗೆ ತಿನ್ಸು. ನಾನು ಮುಖ ತೊಳ್ಕೊಂಡ್ ಬತ್ತೀನಿ."

ಅವರು ಹೊರಗೆ ಹೋದರು. ಇಂದು ಊಟದ ಮುಂಚಿನ ಸೂಜಿ ಅವನ ಹೊಟ್ಟೆಗೆ ಚುಚ್ಚಿದಳು.

"ಇನ್ಮೇಲೆ ಉಪವಾಸ ಅಂದ್ರೆ ನಿಮ್ಮನ್ನ ಕೇಳ್ತೀನಿ," ಎಂದ ಅವನು.

"ನನ್ನ ಮಾತು ಕೇಳಿದ್ದಕ್ಕೇ ಈ ಗತಿ. ಡಾಕ್ಟರನ್ನ ಕೇಳಿ."

"ಹಾಗಾದ್ರೆ ನಿಮ್ಮನ್ನ ಏನು ಕೇಳ್ಲಿ?"

ಅವಳು ಚಮಚ ಅವನ ಬಾಯಿಗೆ ಹಿಡಿದಳು. ಅವನು ತಿಂದ. ಬಿಸಿಲು ಕಿಟಕಿಯ ಸರಳಿನವರೆಗೆ ಇಳಿದಿತ್ತು.

"ಫೋನ್ ಮಾಡಬಹುದಾ?" ಎಂದ ಮೆಲ್ಲಗೆ.

"ಗಂಜಿ ಮುಗಿಸಿ. ಆಮೇಲೆ ಮಾಡಿ."